ಎಲ್ಲ ಕಾಗೆಗಳೂ ಮರಗಳಾದ ಮೇಲೆ

ಎಲ್ಲ ಕಾಗೆಗಳೂ ಮರಗಳು. ಕೆಲವು ಮರಗಳು ಬಸ್ಸುಗಳು. ಹಾಗಾದರೆ ಕೆಲವು ಕಾಗೆಗಳು ಬಸ್ಸುಗಳು ಎನ್ನಬಹುದೇ?

ಬೆಳಗಿನ ಚಹಾ ಕೈಯಲ್ಲಿರುವಾಗ ಯಾರೂ ಯಾರಿಗೂ ಕೇಳಬಾರದ ಪ್ರಶ್ನೆ ಇದು. ನಮ್ಮ ಮನೆಯಲ್ಲಿ ಮಾತ್ರ ಈ ಮಳೆಗಾಲವಿಡೀ ಇಂಥವೇ ಕೇಳಿಬಂದವು. ತಮ್ಮನ ಮಗಳು ಡಿಗ್ರಿ ಮುಗಿಸಿ, ಎಂಬಿಎ ಪ್ರವೇಶ ಪರೀಕ್ಷೆಗಳಿಗೆ ಓದಿಕೊಳ್ಳಲು ಘಟ್ಟದ ಮೇಲಿನ ನಮ್ಮೂರು ಅನಮೋಡಕ್ಕೆ ಬಂದಿದ್ದಳು. ಬೆಳಗಾವಿಯ ಗದ್ದಲದಲ್ಲಿ ತಲೆ ಓಡುವುದಿಲ್ಲ, ಕಾಡಿನಲ್ಲಾದರೆ ಓಡುತ್ತದೆ ಎಂಬುದು ಅವಳ ಅಪ್ಪನ ನಂಬಿಕೆ. ಕಾಡಿನಲ್ಲೇ ವಯಸ್ಸು ಕಳೆದ ನನ್ನ ತಲೆಯನ್ನು ಕಣ್ಣಾರೆ ಕಂಡೂ ಅವನಲ್ಲಿ ಆ ನಂಬಿಕೆ ಹೇಗೆ ಉಳಿಯಿತೋ! ಬಂದವಳ ಚೀಲದಲ್ಲಿ ಬಟ್ಟೆಗಿಂತ ಪುಸ್ತಕವೇ ಹೆಚ್ಚು. ‘ಲಾಜಿಕಲ್ ರೀಸನಿಂಗ್’ ಎಂದು ಬೆನ್ನ ಮೇಲೆ ಬರೆಸಿಕೊಂಡಿದ್ದ ಒಂದಂತೂ ಎಷ್ಟು ದಪ್ಪವಿತ್ತೆಂದರೆ, ಆಷಾಢದ ಗಾಳಿಗೆ ಹಿತ್ತಲ ಬಾಗಿಲು ಹೊಡೆದುಕೊಳ್ಳದಂತೆ ನನ್ನ ಹೆಂಡತಿ ಅದನ್ನೇ ಅಡ್ಡ ಇಡುತ್ತಿದ್ದಳು.

ಕಾಗೆಯ ವಿಷಯಕ್ಕೆ ಬರುತ್ತೇನೆ. ಕಾಗೆ ಮರವಾಗುವುದು ಹೇಗೆ ಎಂದು ನಾನು ಸಹಜವಾಗಿಯೇ ಕೇಳಿದೆ. ಅವಳು ಪುಸ್ತಕ ತಿರುಗಿಸಿ, ಪ್ರಶ್ನೆಯ ತಲೆಯ ಮೇಲಿದ್ದ ಸಾಲನ್ನು ತೋರಿಸಿದಳು. ಕೊಟ್ಟ ಹೇಳಿಕೆಗಳು ಎಲ್ಲರಿಗೂ ಗೊತ್ತಿರುವ ಸಂಗತಿಗೆ ವಿರುದ್ಧವಾಗಿ ಕಂಡರೂ ಅವನ್ನು ನಿಜವೆಂದೇ ಹಿಡಿಯಬೇಕು ಎಂದು ಅದರ ಅರ್ಥ.

“ನೀವು ಮೊದಲ ಒಪ್ಕೋರಿ ಕಾಕಾ. ಒಪ್ಕೊಂಡ್ರ ಮುಂದಿಂದು ಭಾಳ ಸರಳ ಐತಿ.”

ಒಪ್ಪಿಕೊಳ್ಳುವುದೇ ನನಗೆ ಕಷ್ಟ. ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಂಡು ನಿವೃತ್ತನಾದವನು ನಾನು. ಬಿದಿರು ಬಂತು ಎಂದು ಯಾರಾದರೂ ಹೇಳಿದರೆ ಬಂತು ಎಂದು ಬರೆದುಕೊಂಡವನಲ್ಲ. ತೂಕದ ಚೀಟಿ ಎಲ್ಲಿ, ಗೇಟ್ ಪಾಸ್ ಎಲ್ಲಿ ಎಂದು ಕೇಳಿದವನು. ಎಲ್ಲ ಕಾಗೆಗಳೂ ಮರಗಳು ಎಂದು ಯಾರೋ ಸಹಿ ಇಲ್ಲದೆ ಬರೆದಿಟ್ಟರೆ ನನ್ನ ಕೈ ತಾನಾಗಿ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತದೆ. ಉತ್ತರವೇನೆಂದರೆ, ಕಾಗೆ ಬಸ್ಸು ಎಂದು ಖಂಡಿತವಾಗಿ ಹೇಳಲು ಬರುವುದಿಲ್ಲ. ಬಸ್ಸಾಗಿರುವ ಮರಗಳು ಬೇರೆ, ಕಾಗೆಯಾಗಿರುವ ಮರಗಳು ಬೇರೆ ಇರಬಹುದು. ಅವಳು ಮೂರು ಸುತ್ತು ಬರೆದು ಇದನ್ನು ತೋರಿಸಿದಳು. ನಾನು ಕಾರಣ ತಪ್ಪಾಗಿ ಹೇಳಿ ಉತ್ತರ ಮಾತ್ರ ಸರಿ ಹೇಳಿದ್ದೆ. ಪರೀಕ್ಷೆಯ ಕಂಪ್ಯೂಟರ್ ಕಾರಣ ಕೇಳುವುದಿಲ್ಲವಾದ್ದರಿಂದ ನನಗೆ ಪೂರ್ತಿ ಅಂಕ.

ಅಂದು ಮಧ್ಯಾಹ್ನ ಧಾರವಾಡದ ದಿನಗಳು ನೆನಪಾದವು. ನಾನು ಬಿ.ಕಾಂ. ಓದುವಾಗ ಒಂದೇ ರೂಮಿನಲ್ಲಿದ್ದ ಗೆಳೆಯ ಸಂಸ್ಕೃತ ಎಂ.ಎ. ಮಾಡುತ್ತಿದ್ದ. ನಸುಕಿನಲ್ಲಿ ಎದ್ದು ಅನ್ನಂಭಟ್ಟನ ‘ತರ್ಕಸಂಗ್ರಹ’ವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. ಹದಿನೇಳನೆಯ ಶತಮಾನದ ಆ ಪುಟ್ಟ ಪುಸ್ತಕ ಮಕ್ಕಳಿಗೂ ತಿಳಿಯಲೆಂದು ಬರೆದದ್ದಂತೆ. ಡೆಬಿಟ್-ಕ್ರೆಡಿಟ್ ಓದುತ್ತಿದ್ದ ನನಗೂ ಅಷ್ಟಿಷ್ಟು ಕಿವಿಗೆ ಬಿತ್ತು. ಎದುರಿನ ಬೆಟ್ಟದಲ್ಲಿ ಬೆಂಕಿ ಇದೆ ಎಂದು ನೀವು ವಾದಿಸಬೇಕು. ಇದೆ ಎನ್ನುವುದು ಪ್ರತಿಜ್ಞೆ. ಹೊಗೆ ಕಾಣುತ್ತಿರುವುದು ಹೇತು. ಇಷ್ಟಕ್ಕೇ ನಮ್ಮ ನೈಯಾಯಿಕರು, ಅಂದರೆ ನ್ಯಾಯಶಾಸ್ತ್ರದವರು, ಬಿಡುವುದಿಲ್ಲ. ಹೊಗೆ ಇದ್ದಲ್ಲಿ ಬೆಂಕಿ ಇರುವುದನ್ನು ಎಲ್ಲಾದರೂ ನೋಡಿದ್ದೀಯಾ, ತೋರಿಸು ಎನ್ನುತ್ತಾರೆ. ಅಡುಗೆಮನೆಯಲ್ಲಿ ನೋಡಿದ್ದೇನೆ ಎನ್ನಬೇಕು. ಅದು ಮೂರನೆಯ ಮೆಟ್ಟಿಲು, ಉದಾಹರಣೆ. ಆಮೇಲೆ ಉಪನಯ, ನಿಗಮನ. ಆ ಉದಾಹರಣೆಯೂ ಹೇಗಿರಬೇಕೆಂದರೆ ಪಂಡಿತನೂ ಪಾಮರನೂ ತಕರಾರಿಲ್ಲದೆ ಒಪ್ಪುವಂತಿರಬೇಕು. ಒಟ್ಟಿನಲ್ಲಿ ನೈಯಾಯಿಕರೂ ವೋಚರ್ ಕೇಳುವ ಜನವೇ. ಎಲ್ಲ ಕಾಗೆಗಳೂ ಮರಗಳು ಎಂದು ಅವರ ಮುಂದೆ ಹೋಗಿ ನಿಂತಿದ್ದರೆ ಮೂರನೆಯ ಮೆಟ್ಟಿಲಲ್ಲೇ ವಾಪಸು ಕಳಿಸುತ್ತಿದ್ದರು.

ನನಗೆ ಬಲ ಬಂದಂತಾಯಿತು. ಸಂಜೆ ಅವಳಿಗೆ ಇದನ್ನೆಲ್ಲ ವಿವರಿಸಿದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡು, “ಇದು ಸಿಲೆಬಸ್‌ದಾಗ ಇಲ್ಲ ಕಾಕಾ,” ಎಂದಳು.

ನ್ಯಾಯದವರ ಬೆಟ್ಟವೂ ನಮ್ಮ ಘಟ್ಟದಲ್ಲಿ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ ಎಂಬುದು ಬೇರೆ ಮಾತು. ಅನಮೋಡದ ಮಳೆಗಾಲದಲ್ಲಿ ಎದುರಿನ ಗುಡ್ಡದಿಂದ ಬೆಳ್ಳಗೆ ಏನೋ ಏಳುತ್ತಲೇ ಇರುತ್ತದೆ. ಯಾರೋ ಹಸಿ ಕಟ್ಟಿಗೆ ಹಚ್ಚಿದ್ದಾರೆ ಎನ್ನುತ್ತಾಳೆ ಹೆಂಡತಿ. ಮಂಜು ಎನ್ನುತ್ತೇನೆ ನಾನು. ಒಮ್ಮೊಮ್ಮೆ ಎರಡೂ ಆಗಿರುತ್ತದೆ. ಹಳೆಯ ಬೌದ್ಧ ತಾರ್ಕಿಕರು ಇದನ್ನೂ ಬಿಟ್ಟಿರಲಿಲ್ಲ. ಕಾಣುತ್ತಿರುವುದು ಹೊಗೆಯೋ ಹಬೆಯೋ ಎಂದು ಅನುಮಾನವಿರುವಾಗ ಅದರಿಂದ ಬೆಂಕಿಯನ್ನು ಸಾಧಿಸಲು ಹೊರಡುವುದು ದೋಷವೆಂದು ‘ನ್ಯಾಯಪ್ರವೇಶ’ ಎಂಬ ಗ್ರಂಥ ಹೆಸರಿಟ್ಟು ಹೇಳುತ್ತದೆ, ಸಂದಿಗ್ಧಾಸಿದ್ಧ ಎಂದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮೂರು ಪೂರ್ತಿ ಸಂದಿಗ್ಧಾಸಿದ್ಧ. ಗೋವಾದ ಮೋಲೆಂ ಕಡೆಯಿಂದ ಹತ್ತುವ ಲಾರಿಯವರು ಹಗಲಲ್ಲೂ ದೀಪ ಹಾಕಿಕೊಂಡು, ಮುಂದೆ ತಿರುವಿದೆ ಎಂಬುದನ್ನು ಪ್ರತಿಜ್ಞೆಯಾಗಿಯೇ ಸ್ವೀಕರಿಸಿ ಬರುತ್ತಾರೆ.

ರಕ್ತಸಂಬಂಧದ ಪ್ರಶ್ನೆಗಳಲ್ಲಾದರೂ ನಾನು ಗೆಲ್ಲಬಹುದೆಂದುಕೊಂಡಿದ್ದೆ. ಫೋಟೋದಲ್ಲಿರುವ ಹೆಂಗಸನ್ನು ತೋರಿಸಿ ಒಬ್ಬ ಹೇಳುತ್ತಾನೆ, ಇವಳ ತಾಯಿಯ ಒಬ್ಬನೇ ಮಗನ ಮಗಳು ನನ್ನ ಹೆಂಡತಿ ಅಂತ. ಇಂಥವು. ಮೊದಲು ನನಗೆ ಅನಿಸಿದ್ದು, ಹೆಂಡತಿಯ ಪರಿಚಯವನ್ನು ಇಷ್ಟು ಸುತ್ತು ಹಾಕಿ ಹೇಳುವವನ ಮನೆಯಲ್ಲಿ ಏನೋ ಸರಿಯಿಲ್ಲ ಅಂತ. ಹೇಗೂ ಇರಲಿ, ಇಂಥ ಸಂಬಂಧ ಬಿಡಿಸುವುದು ನಮಗೆ ಹೊಸದೇ? ಹಳಿಯಾಳದ ಮದುವೆಮನೆಯಲ್ಲಿ ಚಪ್ಪರದ ಕೆಳಗೆ ಕೂತ ಯಾವ ಮುದುಕಿಯಾದರೂ ನಿಮ್ಮ ಮುಖ ನೋಡಿ ನಿಮ್ಮ ಮುತ್ತಜ್ಜನ ಷಡ್ಡಕನವರೆಗೆ ಹೋಗಿಬರುತ್ತಾಳೆ.

ಆದರೆ ಪುಸ್ತಕದ ವಂಶವೃಕ್ಷ ಮೇಲಿನಿಂದ ಕೆಳಗೆ ನೀಟಾಗಿ ಇಳಿಯುತ್ತದೆ. ನಮ್ಮದು ಹಾಗಲ್ಲ, ಇಳಿದದ್ದು ಮತ್ತೆ ಮೇಲಕ್ಕೆ ಹೋಗಿ ಸೇರಿಕೊಳ್ಳುತ್ತದೆ. ನಮ್ಮ ಅಜ್ಜಿಯನ್ನು ಅವಳ ಸೋದರಮಾವನಿಗೇ ಕೊಟ್ಟಿದ್ದರು. ಹಾಗಾಗಿ ನನ್ನ ಅಪ್ಪನಿಗೆ ತಾಯಿಯ ತಾಯಿಯೇ ಸೋದರತ್ತೆಯೂ ಹೌದು. ಇದನ್ನೇ ಪ್ರಶ್ನೆಯಾಗಿ ಬರೆದು ಅವಳ ಮುಂದಿಟ್ಟೆ. ಎ ಎಂಬಾಕೆ ಬಿ ಯ ತಾಯಿಯ ತಾಯಿ, ಅದೇ ಎ ಬಿ ಯ ತಂದೆಯ ಅಕ್ಕ, ಇದು ಸಾಧ್ಯವೇ? ಅವಳು ಬಹಳ ಹೊತ್ತು ಗೆರೆ ಎಳೆದಳು, ಅಳಿಸಿದಳು, ಕಡೆಗೆ “ಡೇಟಾ ತಪ್ಪು ಐತಿ” ಎಂದಳು. ಡೇಟಾ ಗೋಡೆಯ ಮೇಲೆ ಚೌಕಟ್ಟು ಹಾಕಿಸಿಕೊಂಡು, ಗಂಧದ ಹಾರದೊಳಗಿನಿಂದ ನಮ್ಮಿಬ್ಬರನ್ನೂ ನೋಡುತ್ತಿತ್ತು. ನಾನು ಬೆರಳು ತೋರಿಸಿದಾಗ ಅವಳು ನಕ್ಕದ್ದು ಆ ವಾರದಲ್ಲಿ ಅದೇ ಮೊದಲು.

ಗುಂಪಿಗೆ ಸೇರದ್ದನ್ನು ಗುರುತಿಸುವ ಪ್ರಶ್ನೆಯನ್ನು ನಾನು ರಾಮನಗರಕ್ಕೆ ಒಯ್ದೆ. ಸೂಪಾ ಅಣೆಕಟ್ಟಿನಲ್ಲಿ ಊರು ಮುಳುಗಿದವರನ್ನು ತಂದು ನೆಲೆಗೊಳಿಸಿದ ಊರು ಅದು. ಅಲ್ಲಿ ರಸ್ತೆಬದಿಗೆ ಗಡ್ಡೆ-ಗೆಣಸು ಹರಡಿಕೊಂಡು ಕೂರುವ ಕುಣಬಿ ಬಾಯಿ ಒಬ್ಬಳಿದ್ದಾಳೆ. ಜೋಯಿಡಾದ ಕುಣಬಿಯರು ಗಡ್ಡೆಗಳ ವಿಷಯದಲ್ಲಿ ಎಷ್ಟು ಬಲ್ಲವರೆಂದರೆ ಜೋಯಿಡಾದಲ್ಲಿ ಅದಕ್ಕಾಗಿಯೇ ಮೇಳ ನಡೆಯುತ್ತದೆ. ಕೆಸು, ಸುವರ್ಣಗಡ್ಡೆ, ಶುಂಠಿ, ಆಲೂಗಡ್ಡೆ. ಇದರಲ್ಲಿ ಗುಂಪಿಗೆ ಸೇರದ್ದು ಯಾವುದು ಎಂದು ನನ್ನ ಹರಕು ಕೊಂಕಣಿಯಲ್ಲಿ ಕೇಳಿದೆ. ಪುಸ್ತಕದ ಉತ್ತರ ಶುಂಠಿ, ಏಕೆಂದರೆ ಅದು ಮಸಾಲೆ. ಆಕೆ ಯೋಚಿಸದೆ ಆಲೂಗಡ್ಡೆ ಎಂದಳು. ಯಾಕೆ? ಅದು ಬೆಳಗಾವಿಯಿಂದ ಲಾರಿಯಲ್ಲಿ ಬರುತ್ತದೆ, ಉಳಿದದ್ದೆಲ್ಲ ಇಲ್ಲಿಯದು. ನಾನು ಮುಡ್ಲಿ ಗಡ್ಡೆ ಒಂದು ಕಿಲೋ ತೂಗಿಸಿಕೊಂಡು ಮನೆಗೆ ಬಂದೆ.

ಇಷ್ಟರಲ್ಲಿ ಅವಳು ಗಂಭೀರವಾಗಿ ಅಣಕು ಪರೀಕ್ಷೆಗಳನ್ನು ಬರೆಯತೊಡಗಿದ್ದಳು. ಕೆಇಎ ನಡೆಸುವ ಪಿಜಿಸಿಇಟಿ ಒಂದು. ಅದರಲ್ಲಿ ಬಂದರೆ ಧಾರವಾಡದ ಕೌಸಾಳಿ ಸಂಸ್ಥೆ ಸಿಗಬಹುದೆಂಬ ಆಸೆ ಮನೆಯವರಿಗೆ. ಅವಳ ಕಣ್ಣು ಮಾತ್ರ ಐಐಎಮ್‌ಗಳ ಕ್ಯಾಟ್ ಮೇಲೆ. 2009 ರಲ್ಲಿ ಅದು ಕಾಗದ ಬಿಟ್ಟು ಕಂಪ್ಯೂಟರ್‌ಗೆ ಹೋಯಿತು ಎಂದು ಅವಳು ಹೇಳಿದಾಗ, ಕಾಗದ ಕಾರ್ಖಾನೆಯ ಉಪ್ಪು ತಿಂದ ನನಗೆ ಸ್ವಲ್ಪ ನೋವಾಯಿತು. ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ಸರಿಯಾದರೆ ಮೂರು ಅಂಕ, ಆಯ್ಕೆಯ ಪ್ರಶ್ನೆ ತಪ್ಪಾದರೆ ಒಂದು ಅಂಕ ಕೈಬಿಡುತ್ತದೆ. ಒಂದು ಭಾಗದ ಸಮಯ ಮುಗಿಯಿತೆಂದರೆ ಮುಗಿಯಿತು, ಹಿಂದೆ ಹೋಗುವಂತಿಲ್ಲ.

ಅಣಕು ಪರೀಕ್ಷೆ ಬರೆಯಲು ನೆಟ್‌ವರ್ಕ್ ಬೇಕು. ನಮ್ಮ ಮನೆಯಲ್ಲಿ ನೆಟ್‌ವರ್ಕ್ ದೇವರಕೋಣೆಯ ಕಿಟಕಿಯಲ್ಲಿ ಸ್ವಲ್ಪ ಬಂದು ಹೋಗುತ್ತದೆ. ಹಿತ್ತಲಾಚೆಯ ದಿಬ್ಬದ ಮೇಲೆ ನಿಂತರೆ ಪೂರ್ತಿ ಸಿಗುತ್ತದೆ. ಹಾಗಾಗಿ ಅವಳು ಅಲ್ಲಿ ಪ್ಲಾಸ್ಟಿಕ್ ಕುರ್ಚಿ, ದೊಡ್ಡ ಕೊಡೆ, ಲ್ಯಾಪ್‌ಟಾಪಿಗೊಂದು ತಾಡಪತ್ರಿ ಇಟ್ಟುಕೊಂಡು ಕೂರುತ್ತಿದ್ದಳು. ನನ್ನ ಕೆಲಸ ಕೊಡೆ ಹಿಡಿಯುವುದು. ಒಂದು ದಿನ ಎಂಟು ಜನ ದುಂಡು ಮೇಜಿನ ಸುತ್ತ ಕೂತ ಲೆಕ್ಕ ಬಿಡಿಸುವಾಗ ಅವಳ ಹಿಮ್ಮಡಿಗೆ ಉಂಬಳ ಹತ್ತಿತು. ನಾನು ಬಗ್ಗಿ ತೆಗೆಯಲು ಹೋದರೆ, “ಕಾಕಾ, ಮುಟ್ಟಬ್ಯಾಡ್ರಿ, ಇನ್ನೂ ಆರು ನಿಮಿಷ ಐತಿ,” ಎಂದಳು. ಎಂಟೂ ಜನ ತಂತಮ್ಮ ಜಾಗದಲ್ಲಿ ಕೂತ ಮೇಲೆಯೇ ಉಂಬಳಕ್ಕೆ ಉಪ್ಪು ಬಿದ್ದದ್ದು. ಆ ಎಂಟರಲ್ಲಿ ಯಾರೂ ಇವಳಷ್ಟು ತ್ರಾಸು ಪಟ್ಟು ಕೂತಿರಲಿಕ್ಕಿಲ್ಲ.

ದಿಬ್ಬದ ಮೇಲೆ ನಿಂತರೆ ರಸ್ತೆ ಕಾಣುತ್ತದೆ. ಘಟ್ಟದಲ್ಲಿ ಮಂಗಗಳಿಗೆ ತಿನ್ನಲು ಕೊಡಬೇಡಿ ಎಂದು ಫಲಕವಿದೆ. ‘ಹೇಳಿಕೆ ಮತ್ತು ಊಹೆ’ ಎಂಬ ಜಾತಿಯ ಪ್ರಶ್ನೆಗಳೆಲ್ಲ ಇಂಥ ಫಲಕಗಳನ್ನು ಹಿಡಿದೇ ಹೊರಡುತ್ತವೆ. ಹೇಳಿಕೆಯ ಹಿಂದೆ ಯಾವ ಊಹೆ ಅಡಗಿದೆ? ಒಂದು, ಮಂಗಗಳಿಗೆ ತಿನ್ನಲು ಕೊಡುವವರು ಇದ್ದಾರೆ. ಎರಡು, ಫಲಕ ಓದಿದವರು ಹಾಗೆ ಮಾಡಲಿಕ್ಕಿಲ್ಲ. ಎರಡೂ ಅಡಗಿವೆ ಎಂಬುದು ಪುಸ್ತಕದ ತೀರ್ಪು. ನಾನು ಘಟ್ಟದಲ್ಲಿ ಕಂಡದ್ದು ಬೇರೆ. ಮಂಗಗಳು ಎಲ್ಲಿ ಸಿಗುತ್ತವೆಂದು ಗೊತ್ತಿಲ್ಲದೆ ಬರುವ ಪ್ರವಾಸಿಗರು ಫಲಕ ಓದಿದ ಕೂಡಲೇ ಬ್ರೇಕ್ ಹಾಕಿ, ಬಾಳೆಹಣ್ಣು ಹೊರಗೆ ತೆಗೆಯುತ್ತಾರೆ. ಮಂಗಗಳೂ ಇದನ್ನು ಅರಿತು ಫಲಕದ ಕೆಳಗೇ ಸಂಸಾರ ಹೂಡಿವೆ. ಓದು ಬರಹ ಬಾರದ ಮಂಗ ಫಲಕದ ತಾತ್ಪರ್ಯವನ್ನು ಹಿಡಿದಷ್ಟು ಚೆನ್ನಾಗಿ ಪ್ರಶ್ನೆ ಬರೆದವರು ಹಿಡಿದಿಲ್ಲ.

ದಿಕ್ಕಿನ ಪ್ರಶ್ನೆಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾಮು ಉತ್ತರಕ್ಕೆ ಐದು ಕಿಲೋಮೀಟರ್ ನಡೆದು, ಬಲಕ್ಕೆ ತಿರುಗಿ ಮೂರು ಕಿಲೋಮೀಟರ್ ಹೋಗುತ್ತಾನೆ. ಸಹ್ಯಾದ್ರಿಯಲ್ಲಿ ಐದು ಕಿಲೋಮೀಟರ್ ಒಂದೇ ದಿಕ್ಕಿಗೆ ನಡೆದವನನ್ನು ನಾನು ಈವರೆಗೆ ಕಂಡಿಲ್ಲ. ಬೆಳಗಿನ ಬಿಸಿಲಲ್ಲಿ ನೆರಳು ಎಡಕ್ಕೆ ಬಿತ್ತು, ಮುಖ ಯಾವ ಕಡೆ ಎಂದರೆ, ಜುಲೈ ತಿಂಗಳಲ್ಲಿ ನಮಗೆ ನೆರಳೇ ಬೀಳುವುದಿಲ್ಲ. ನನ್ನನ್ನು ಕೇಳಿದರೆ ಇದಕ್ಕೆಲ್ಲ ಕಾಳಿ ನದಿಯ ಪ್ರಶ್ನೆಯೊಂದು ಸಾಕು. ಇದೇ ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ, ಸಮುದ್ರಕ್ಕೆ ಬೆನ್ನು ಹಾಕಿ ಹೊರಡುತ್ತಾಳೆ. ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು ಅಡ್ಡ ಬರುತ್ತದೆ. ಪೂರ್ವಕ್ಕೆ ದಾಂಡೇಲಿಗೆ ಬಂದು, ಏನು ನೆನಪಾಯಿತೋ, ದಕ್ಷಿಣಕ್ಕೆ ತಿರುಗಿ, ಮತ್ತೆ ಪಶ್ಚಿಮಕ್ಕೆ ಹೊರಳಿ, ಕೊಡಸಳ್ಳಿ, ಕದ್ರಾ ಹಾದು ಕಾರವಾರದಲ್ಲಿ ಸಮುದ್ರ ಸೇರುತ್ತಾಳೆ. ನಡೆದದ್ದು 184 ಕಿಲೋಮೀಟರ್. ಹೊರಟ ಜಾಗದಿಂದ ನೇರವಾಗಿ ಎಷ್ಟು ದೂರದಲ್ಲಿದ್ದಾಳೆ? ಪೈಥಾಗೊರಸ್ ಹಾಕಿ ಬಿಡಿಸಿ ನೋಡೋಣ.

ಸತ್ಯವಂತರು ಮತ್ತು ಸುಳ್ಳರ ಪ್ರಶ್ನೆಗಳು ಬಂದಾಗ ಮಾತ್ರ ನನಗೆ ನಿಜವಾಗಿಯೂ ಕುಶಿಯಾಯಿತು. ಅಮೆರಿಕದ ತರ್ಕಶಾಸ್ತ್ರಿ ರೇಮಂಡ್ ಸ್ಮಲ್ಯನ್ 1978 ರಲ್ಲಿ ‘ವಾಟ್ ಈಸ್ ದ ನೇಮ್ ಆಫ್ ದಿಸ್ ಬುಕ್?’ ಎಂಬ ಪುಸ್ತಕ ಬರೆದ. ಪಿಯಾನೋ ನುಡಿಸುತ್ತಿದ್ದ, ಜಾದೂ ಮಾಡುತ್ತಿದ್ದ ಮನುಷ್ಯ. ಸದಾ ಸತ್ಯ ನುಡಿಯುವವರು, ಸದಾ ಸುಳ್ಳು ಹೇಳುವವರು, ಈ ಎರಡೇ ಬಗೆಯ ಜನರಿರುವ ಒಂದು ದ್ವೀಪ ಆ ಪುಸ್ತಕದಲ್ಲಿದೆ. ಇದೇ ಜಾತಿಯ ಇನ್ನೊಂದು ಒಗಟು ಎಲ್ಲ ಕಡೆ ಹರಿದಾಡುತ್ತದೆ: ಎರಡು ಬಾಗಿಲು, ಇಬ್ಬರು ಕಾವಲುಗಾರರು, ಒಬ್ಬ ಸತ್ಯವಂತ, ಒಬ್ಬ ಸುಳ್ಳ. ಯಾವ ಬಾಗಿಲಿಂದ ಪಾರಾಗಬಹುದೆಂದು ಒಂದೇ ಪ್ರಶ್ನೆಯಲ್ಲಿ ತಿಳಿಯಬೇಕು. ಉಪಾಯವೇನೆಂದರೆ, ಅವನ ಮಾತನ್ನು ಅವನಿಗೇ ಕೇಳಬಾರದು. ‘ಆ ಇನ್ನೊಬ್ಬನನ್ನು ಕೇಳಿದರೆ ಯಾವ ಬಾಗಿಲು ತೋರಿಸುತ್ತಾನೆ?’ ಎಂದು ಕೇಳಿ, ಅವನು ಹೇಳಿದ್ದಕ್ಕೆ ಉಲ್ಟಾ ಹೋಗಬೇಕು.

ಇದರ ಉದಾಹರಣೆ, ಅಂದರೆ ಮೂರನೆಯ ಮೆಟ್ಟಿಲು, ನಮ್ಮೂರಿನಲ್ಲೇ ಸಿಗುತ್ತದೆ. ಅನಮೋಡವೆಂದರೆ ಹೊರಗಿನವರಿಗೆ ಚೆಕ್‌ಪೋಸ್ಟ್. ಗೋವಾದಲ್ಲಿ ಅಗ್ಗಕ್ಕೆ ಸಿಗುವುದು ಘಟ್ಟ ಹತ್ತಿದ ಮೇಲೆ ತುಟ್ಟಿ; ನಡುವೆ ನಮ್ಮೂರು. ಒಂದು ರಾತ್ರಿ ಪಣಜಿಯಿಂದ ಬರುತ್ತಿದ್ದೆ. ಬಸ್ಸು ನಿಂತು, ಟಾರ್ಚ್ ಹಿಡಿದ ಸಿಬ್ಬಂದಿಯೊಬ್ಬರು ಹತ್ತಿದರು. ಸೀಟಿನ ಮೇಲಿನ ಕಂಬಿಯಲ್ಲಿ ಒಂದು ನೀಲಿ ಚೀಲ. ಯಾರದು? ಯಾರದೂ ಅಲ್ಲ. ಅಷ್ಟೂ ಜನ ಕಿಟಕಿಯ ಆಚೆಗಿನ ಕತ್ತಲೆಯಲ್ಲಿ ಏನೋ ಹುಡುಕುತ್ತಿದ್ದಾರೆ. ಆತ ಚೀಲದ ಕೆಳಗೆ ಕೂತವನನ್ನು ಮಾತಾಡಿಸಲೇ ಇಲ್ಲ. ಅದರ ಹಿಂದಿನ ಸೀಟಿನಲ್ಲಿ ತೆಂಗಿನಕಾಯಿ ಚೀಲ ತಬ್ಬಿಕೊಂಡು ಕೂತಿದ್ದ ಅಜ್ಜಿಯ ಮುಂದೆ ನಿಂತು, ಬಹಳ ಮರ್ಯಾದೆಯಿಂದ, “ಅವ್ವಾ, ಅದು ನಿಂದ ಅಂತ ಕಾಣ್ತೈತಿ, ಇಳಸ್ಲೇನು?” ಎಂದರು. “ಯಪ್ಪಾ, ನಂದ್ಯಾಕ್ ಆಗ್ತೈತಿ? ಮೋಲೆಂದಾಗ ಹತ್ತಿದ ಈ ಹಸರು ಅಂಗಿ ತಮ್ಮ ಇಟ್ಟಾನ ನೋಡು!” ಬಸ್ಸಿನಲ್ಲಿ ಎಲ್ಲರೂ ಒಂದೇ ಸಲ ತಿರುಗಿ ಹಸಿರು ಅಂಗಿಯನ್ನು ನೋಡಿದರು. ಒಂದೇ ಪ್ರಶ್ನೆ, ಅದೂ ಮೂರನೆಯವರಿಗೆ. ಸ್ಮಲ್ಯನ್ ಆ ಬಸ್ಸಿನಲ್ಲಿದ್ದಿದ್ದರೆ ಇಳಿದು ಕೈ ಕುಲುಕುತ್ತಿದ್ದ. ಚೀಲದಲ್ಲಿ ಏನಿತ್ತೆಂಬುದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ; ಕೊಟ್ಟ ಹೇಳಿಕೆಗಳಿಂದ ಊಹಿಸಬಹುದು.

ಈ ಕತೆ ಕೇಳಿ ತಮ್ಮನ ಮಗಳು ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ನನ್ನ ಮಾತನ್ನು ಅವಳು ಬರೆದುಕೊಂಡದ್ದು ಅದೊಂದೇ. ಪ್ರತಿಯಾಗಿ ನನಗೆ ಜೀಬ್ರಾ ಒಗಟನ್ನು ಕೊಟ್ಟಳು. ಐದು ಬಣ್ಣದ ಐದು ಮನೆ, ಐದು ದೇಶದವರು, ಅವರ ಪಾನೀಯ, ಅವರ ಸಿಗರೇಟು, ಅವರು ಸಾಕಿದ ಪ್ರಾಣಿ. ಜೀಬ್ರಾ ಯಾರದು, ನೀರು ಕುಡಿಯುವವರು ಯಾರು? ಐನ್‌ಸ್ಟೈನ್ ಬರೆದದ್ದೆಂದು ಜನ ಹೇಳುತ್ತಾರೆ, ಅದಕ್ಕೆ ವೋಚರ್ ಇಲ್ಲ. ಅದು ‘ಲೈಫ್ ಇಂಟರ್‌ನ್ಯಾಷನಲ್’ ಪತ್ರಿಕೆಯಲ್ಲಿ ಅಚ್ಚಾದದ್ದು 1962 ರ ಡಿಸೆಂಬರ್ 17 ರಂದು. ಅದರ ಹಿಂದಿನ ಡಿಸೆಂಬರ್‌ನಲ್ಲಿ, ಅದೇ ದಿನಗಳಲ್ಲಿ, ನಮ್ಮ ಸೈನ್ಯ ಮೋಲೆಂ ಹಾದು ಫೋಂಡಾದತ್ತ ಇಳಿದು, ಪೋರ್ಚುಗೀಸರ ಗೋವಾ ಮುಗಿದು, ಕ್ಯಾಸಲ್‌ರಾಕ್ ಗಡಿಯ ನಿಲ್ದಾಣವಾಗಿರುವ ಕೆಲಸದಿಂದ ನಿವೃತ್ತವಾಗಿತ್ತು. ಎರಡಕ್ಕೂ ಸಂಬಂಧವೇನೂ ಇಲ್ಲ. ಜೀಬ್ರಾ ಸಿಗದೆ ಕೂತಾಗ ಮನಸ್ಸು ಹೀಗೆ ತಾರೀಖುಗಳ ಕಡೆ ಹೋಗುತ್ತದೆ.

ಕಡೆಗೆ ನನ್ನನ್ನು ಸೋಲಿಸಿದ್ದು ಕೂರಿಸುವ ಪ್ರಶ್ನೆಗಳು. ಎ ಮತ್ತು ಸಿ ಪಕ್ಕಪಕ್ಕ ಕೂರುವುದಿಲ್ಲ ಎಂದಿರುತ್ತದೆ. ನಾನು ಅಲ್ಲೇ ನಿಲ್ಲುತ್ತೇನೆ. ಯಾಕೆ ಕೂರುವುದಿಲ್ಲ? ಹೊಲದ ಬದುವಿನ ಜಗಳವೇ, ಮದುವೆಯಲ್ಲಿ ಆಹೇರಿ ಕಡಿಮೆಯಾಯಿತೆಂದೇ?

“ಯಾಕ ಅಂತ ಕೇಳಬಾರದು ಕಾಕಾ.”

“ಕೇಳದ ಹೆಂಗ ಕೂಡಸ್ಲಿ?”

ಒಳಗಿನಿಂದ ಇದನ್ನು ಕೇಳಿಸಿಕೊಂಡ ನನ್ನ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. ಹಳಿಯಾಳದ ತವರಿನಲ್ಲಿ ಅವಳು ಎಷ್ಟೋ ಪಂಕ್ತಿಗಳನ್ನು ಕೂರಿಸಿದವಳು. ದೊಡ್ಡ ಭಾವನಿಗೂ ಸಣ್ಣ ಭಾವನಿಗೂ ಮಾತಿಲ್ಲದ ವರ್ಷ, ಅವರ ನಡುವೆ ಇಬ್ಬರ ಸಾಲಗಾರನನ್ನೂ ಕೂರಿಸಿ ಊಟ ಸುಸೂತ್ರ ಮುಗಿಸಿದ ಹೆಸರು ಅವಳದು. ಪುಸ್ತಕವನ್ನು ಬಾಗಿಲಿನಿಂದ ತೆಗೆದು ಅವಳ ಕೈಗೆ ಕೊಟ್ಟೆವು. ಓದಿ ನೋಡಿ, ಎಂಟರಲ್ಲಿ ಏಳು ಜನರನ್ನು ಬೇಗನೆ ಕೂರಿಸಿಬಿಟ್ಟಳು. ಎಂಟನೆಯವನಿಗೆ ಎರಡು ಕಡೆ ಜಾಗ ಹೊಂದುತ್ತಿತ್ತು. “ಇವನ್ನ ಎರಡನೇ ಪಂಕ್ತಿಗೆ ಹಾಕ್ರಿ,” ಎಂದಳು. ತಮ್ಮನ ಮಗಳು ದಂಗಾಗಿ, ಪರೀಕ್ಷೆಯಲ್ಲಿ ನಾಲ್ಕೈದು ಸೆಟ್ ಇರುತ್ತವೆ, ಯಾವುದನ್ನು ಮುಟ್ಟದೆ ಬಿಡಬೇಕು ಎಂಬುದೇ ಅರ್ಧ ವಿದ್ಯೆ ಎಂದು ಕೋಚಿಂಗಿನವರು ಬಡಕೊಳ್ಳುತ್ತಾರೆ ಎಂದಳು. ಅವಳ ಕಾಕೂಗೆ ಅದು ಮೆಚ್ಚುಗೆಯ ಮಾತೆಂದು ತಿಳಿಯಲಿಲ್ಲ.

ನವೆಂಬರ್ ಕೊನೆಯ ಪರೀಕ್ಷೆಗೆ ಅವಳು ಬೆಳಗಾವಿಗೆ ಹಿಂದಿರುಗುವ ಹಿಂದಿನ ರಾತ್ರಿ ತಮ್ಮನೂ ನಾದಿನಿಯೂ ಬಂದಿದ್ದರು. ಮಾತು ಪರೀಕ್ಷೆ ದಾಟಿ ಇಂಟರ್‌ವ್ಯೂವರೆಗೆ ಹೋಯಿತು. ನಿಮ್ಮ ಊರಿನ ವಿಶೇಷವೇನು ಎಂದು ಅಲ್ಲಿ ಕೇಳೇ ಕೇಳುತ್ತಾರಂತೆ. ಅನಮೋಡದ ವಿಶೇಷ ಏನೆಂದು ಹೇಳುವುದು? ತಮ್ಮ ಮಳೆ ಎಂದ. ನಾದಿನಿ ದೂಧಸಾಗರ ಎಂದಳು. ಅದು ಗೋವಾದ ಲೆಕ್ಕಕ್ಕೆ ಹೋಗುತ್ತದೆಂದು ನಾನು ತಕರಾರು ಮಾಡಿದೆ. ಹುಲಿ ಎನ್ನೋಣವೆಂದರೆ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಮಗ್ಗುಲಲ್ಲಿದ್ದೂ ನಮ್ಮಲ್ಲಿ ಯಾರೂ ಹುಲಿ ಕಂಡಿಲ್ಲ, ಉದಾಹರಣೆ ಕೇಳಿದರೆ ಕಷ್ಟ. ಚೆಕ್‌ಪೋಸ್ಟ್ ಎಂದು ಹೇಳಲು ತಮ್ಮನಿಗೆ ಮನಸ್ಸಿಲ್ಲ. ನಾನು ನ್ಯಾಯಪ್ರವೇಶದ ಮಂಜಿನಿಂದ ಶುರು ಮಾಡು ಎಂದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

“ಮೊದಲ ಅಲ್ಲೀತನಕ ಹೋಗಲಿ, ಕೇಳಿದಾಗ ಏನರ ಹೇಳ್ತಾಳ,” ಎಂದಳು ನನ್ನ ಹೆಂಡತಿ. “ಈಗ ಯಾರ್ಯಾರು ಎಲ್ಲೆಲ್ಲಿ ಕೂಡ್ತೀರಿ ಹೇಳ್ರಿ, ಎಲಿ ಹಾಕ್ತೀನಿ.”